ತಂತಿ ಸುರುಳಿಯ ವಕಾಲತ್ತು

ಹಳೇ ಕಾರಿನ ಭಕ್ತರಲ್ಲಿ ಎರಡು ಪಂಗಡ ಉಂಟು. ಕಾರು ಸರಿಯಾಗಿ ಓಡುವವರೆಗೆ ಯಾರು ಯಾವ ಪಂಗಡ ಅನ್ನುವುದು ತಿಳಿಯುವುದಿಲ್ಲ. ಎಲ್ಲರೂ ಸೇರಿ ಒಂದೇ ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಿರುತ್ತಾರೆ. ಬೋಲ್ಟೊಂದರ ಥ್ರೆಡ್ ಹೋದ ದಿನ ನಿಜಬಣ್ಣ ಬಯಲಾಗುತ್ತದೆ. ಮೊದಲನೆಯವರು ಮಡಿವಂತರು. ಪದ್ಮಿನಿಯ ಹೆಡ್ಡಿನಲ್ಲಿ ಪ್ಲಗ್ ಕೂರುವ ಒಂದು ತೂತು ಕೆಟ್ಟರೆ ಇವರ ಪಾಲಿಗೆ ಇಡೀ ಹೆಡ್ಡಿಗೇ ಸೂತಕ. ಜೆ.ಸಿ. ರಸ್ತೆಯಿಂದ ಶಿವಾಜಿನಗರದ ಗುಜರಿಯವರೆಗೆ ಅಲೆದು ಇನ್ನೊಂದು ಹೆಡ್ ತಂದು ಹಾಕಿದಮೇಲೇ ಇವರಿಗೆ ಊಟ ಸೇರುವುದು. ಎರಡನೆಯವರು 'ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್' ಪಂಥದವರು. ಟೆಫ್ಲಾನ್ ಟೇಪು, ಎಂ-ಸೀಲ್, ಸೆಣಬಿನ ನಾರು, ಇದ್ಯಾವುದೂ ಆಗದಿದ್ದರೆ ಒಂದು ದಪ್ಪ ಬೋಲ್ಟು ಮತ್ತು ಅದನ್ನು ಒಳಗೆ ತಳ್ಳುವಷ್ಟು ತೋಳ್ಬಲ. ಈ ಇಬ್ಬರ ಜಗಳದಲ್ಲಿ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಕೂತಿರುವುದು ಹೆಲಿಕಾಯಿಲ್ ಎಂಬ ಸಣ್ಣ ತಂತಿ ಸುರುಳಿ. ಮಡಿವಂತರಿಗೆ ಅದು ಮೈಲಿಗೆ, ಇನ್ನೊಬ್ಬರಿಗೆ ದಂಡದ ಖರ್ಚು. ನಾನು ಅದರ ಪರ ವಕಾಲತ್ತು ಹಾಕುತ್ತಿದ್ದೇನೆ. ಥ್ರೆಡ್ ಹೋದ ತೂತಿಗೆ ಸರಿಯಾಗಿ ಸುರುಳಿ ಕೂರಿಸಿದರೆ ಅದು ಮೊದಲಿಗಿಂತ ಗಟ್ಟಿಯಾಗುತ್ತದೆ. ಅಸಲಿತನಕ್ಕೂ ಅದರಿಂದ ಕುಂದಿಲ್ಲ ಎಂಬುದು ನನ್ನ ವಾದ.

ಮೊದಲು ಥ್ರೆಡ್ಡನ್ನು ಕೊಂದವರು ಯಾರು ಅನ್ನುವುದು ತೀರ್ಮಾನವಾಗಬೇಕು. ಸಾಮಾನ್ಯವಾಗಿ ದೂರು ದಾಖಲಾಗುವುದು ವಯಸ್ಸಿನ ಮೇಲೆ, ತುಕ್ಕಿನ ಮೇಲೆ. ತುಕ್ಕಿನ ಕೈವಾಡ ಇಲ್ಲವೆಂದಲ್ಲ, ಆದರೆ ಹೆಚ್ಚಿನ ಕೇಸುಗಳಲ್ಲಿ ಅಸಲಿ ಆರೋಪಿ ಸ್ಪ್ಯಾನರಿನ ಈಚೆ ತುದಿಯಲ್ಲಿ ನಿಂತು 'ಇನ್ನೊಂಚೂರು ಟೈಟ್ ಮಾಡೋಣ' ಅನ್ನುತ್ತಿರುವ ಮನುಷ್ಯ. ಬೋಲ್ಟು ಬಿಗಿಯುವಾಗ ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ಭಾಗ ಬೋಲ್ಟಿನ ತಲೆಯಡಿಯ ಉಜ್ಜಾಟಕ್ಕೆ ಹೋಗುತ್ತದೆ, ಶೇಕಡಾ 40ರಷ್ಟು ಥ್ರೆಡ್ಡುಗಳ ಉಜ್ಜಾಟಕ್ಕೆ. ಎರಡು ವಸ್ತುಗಳನ್ನು ನಿಜವಾಗಿ ಹಿಡಿದಿಡುವ ಬಿಗಿತಕ್ಕೆ ದಕ್ಕುವುದು ಹೆಚ್ಚುಕಡಿಮೆ 10 ಭಾಗ, ದಿಲ್ಲಿಯಿಂದ ಹೊರಟ ಅನುದಾನ ಹಳ್ಳಿ ಮುಟ್ಟುವ ಲೆಕ್ಕದಲ್ಲಿ. ಈಗ ಯಾರೋ ಪುಣ್ಯಾತ್ಮರು ಥ್ರೆಡ್ಡಿಗೆ ಎಣ್ಣೆ ಹಚ್ಚಿದರು ಎನ್ನಿ. ಉಜ್ಜಾಟ ಇಳಿಯಿತು, ಸೋರಿಕೆ ನಿಂತಿತು, ಅನುದಾನ ಪೂರ್ತಿ ಬರತೊಡಗಿತು. ಆದರೆ ಕೈ ಮಾತ್ರ ಹಳೇ ಅಭ್ಯಾಸದ ಬಲವನ್ನೇ ಹಾಕುತ್ತದೆ. ಪರಿಣಾಮವಾಗಿ ಬಿಗಿತ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಸಾಲದ್ದಕ್ಕೆ ಈ ಭಾರವನ್ನು ಎಲ್ಲಾ ಥ್ರೆಡ್ಡುಗಳೂ ಸಮನಾಗಿ ಹೊರುವುದಿಲ್ಲ. ಮೊದಲ ಸುತ್ತೊಂದೇ ಮೂರನೇ ಒಂದು ಪಾಲು ಹೊರುತ್ತದೆ, ಆರನೆಯದರ ಆಚೆ ಇರುವವು ಬಹುಪಾಲು ಹಾಜರಿ ಹಾಕಿ ಸುಮ್ಮನಿರುವಂಥವು. ಮೊದಲನೆಯದು ಸೋತರೆ ಎರಡನೆಯದರ ತಲೆ ಮೇಲೆ, ಅದು ಸೋತರೆ ಮೂರನೆಯದರ ಮೇಲೆ. ಸ್ಪ್ಯಾನರು ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ಹಗುರಾಗುವ ಆ ಗಳಿಗೆ ಗೊತ್ತಿರುವವರಿಗೆ ಗೊತ್ತು.

ಪದ್ಮಿನಿಗೆ ಈ ಕಷ್ಟ ಜಾಸ್ತಿ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಫಿಯಟ್ 1100ರ ವಂಶದಲ್ಲಿ ಹುಟ್ಟಿದ ಈ ಕಾರಿನ ಎಂಜಿನ್ ಬ್ಲಾಕು ಬೀಡುಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಮ್ಮಿನದು. ಉಕ್ಕಿನ ಪ್ಲಗ್ಗು ಮೆತ್ತನೆಯ ಅಲ್ಯೂಮಿನಿಯಮ್ಮಿನೊಳಗೆ ಕೂತಾಗ ಜಗಳದಲ್ಲಿ ಸೋಲುವವರು ಯಾರು ಎಂದು ಹೇಳಬೇಕಿಲ್ಲ. 14 ಮಿ.ಮೀ. ಪ್ಲಗ್ಗನ್ನು ಬೆರಳಲ್ಲಿ ಕೂರುವಷ್ಟು ತಿರುಗಿಸಿ, ಹೊಸ ವಾಷರಿದ್ದರೆ ಆಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು ಸುತ್ತು ಬಿಗಿದರೆ ಸಾಕು. ಇಷ್ಟು ಕಡಿಮೆ ಬಿಗಿತ ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ. ಪಾಪ, ಚಿತ್ತೋರಿನ ರಾಣಿಯ ಹೆಸರು ಹೊತ್ತ ಕಾರು.

ಅಂಬಾಸಿಡರಿನ ಕಥೆ ಬೇರೆ. ಅಲ್ಲಿ ಕೊಲೆಗಡುಕತನಕ್ಕೆ ಗಣಿತದ ನೆರವೂ ಇದೆ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಹಳೆಯ ಅಂಬಾಸಿಡರಿನ ಎಂಜಿನ್ನಿನದು ಇಂಚಿನ ಲೆಕ್ಕ. 1992ರಿಂದ ಅದೇ ಮೈಯೊಳಗೆ ಇಸುಜು ಎಂಜಿನ್ ಬಂದು ಮಿಲಿಮೀಟರ್ ಲೆಕ್ಕ ಶುರುವಾಯಿತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಂತಮೇಲೂ ಎರಡೂ ಥರದ ಬೋಲ್ಟುಗಳು ಗ್ಯಾರೇಜಿನ ಒಂದೇ ಡಬ್ಬಿಯಲ್ಲಿ ಸಂಸಾರ ಮಾಡುತ್ತಿವೆ. ಅದರಲ್ಲಿ ಎರಡೂವರೆ ಸೂತಿನದು, ಅಂದರೆ 5/16 ಇಂಚಿನ ಬೋಲ್ಟು, 7.94 ಮಿ.ಮೀ. ದಪ್ಪ. ಪಕ್ಕದಲ್ಲೇ ಮಲಗಿರುವ ಎಂಎಂ ಬೋಲ್ಟು 8 ಮಿ.ಮೀ. ಅಕ್ಷರಶಃ ಕೂದಲೆಳೆಯ ಅಂತರ, ಕಣ್ಣಿಗೆ ಅವಳಿ-ಜವಳಿ. ಆದರೆ ಮೊದಲನೆಯದಕ್ಕೆ ಇಂಚಿಗೆ 24 ಥ್ರೆಡ್ಡು, ಎರಡನೆಯದಕ್ಕೆ 20 ಚಿಲ್ಲರೆ. ಇಂಚಿನ ತೂತಿಗೆ ಎಂಎಂ ಬೋಲ್ಟು ಕೊಟ್ಟರೆ ಅದು ಒಂದು ಸುತ್ತು ನಗುನಗುತ್ತ ಒಳಗೆ ಹೋಗುತ್ತದೆ, ಎರಡನೇ ಸುತ್ತಿಗೆ ಗುರುಗುಟ್ಟುತ್ತದೆ. 'ತುಕ್ಕು ಹಿಡಿದಿರಬೇಕು' ಎಂದು ಸ್ಪ್ಯಾನರಿಗೊಂದು ಪೈಪು ಸಿಕ್ಕಿಸಿ ಎಳೆದವರಿಗೆ ಆಮೇಲೆ ಆ ತೂತಿನಲ್ಲಿ ಇಂಚೂ ಇಲ್ಲ, ಮಿಲಿಮೀಟರೂ ಇಲ್ಲ. ಈ ಅಳತೆಯ ಜಗಳ ಹೊಸದೇನಲ್ಲ. ಪ್ರತಿ ಕಾರ್ಖಾನೆಗೂ ತನ್ನದೇ ಥ್ರೆಡ್ ಇದ್ದ ಕಾಲದಲ್ಲಿ, 1841ರಲ್ಲಿ, ಜೋಸೆಫ್ ವಿಟ್‌ವರ್ತ್ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಇಂಗ್ಲೆಂಡಿನಲ್ಲಿ 55 ಡಿಗ್ರಿ ಕೋನದ ಥ್ರೆಡ್ಡನ್ನು ಮುಂದಿಟ್ಟರು. ಅಮೆರಿಕದವರು 60 ಡಿಗ್ರಿ ಹಿಡಿದರು. ಎರಡನೇ ಮಹಾಯುದ್ಧದಲ್ಲಿ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಹತ್ತದೆ ಬುದ್ಧಿ ಬಂದು 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂರೂ ಕೂತು ರಾಜಿಯಾದವು. ನಮ್ಮ ಡಬ್ಬಿಗೆ ಆ ರಾಜಿಯ ಸುದ್ದಿ ಮುಟ್ಟುವಷ್ಟರಲ್ಲಿ ಮೆಟ್ರಿಕ್ ಬಂದಿತ್ತು.

ಇನ್ನು ನನ್ನ ಕಕ್ಷಿದಾರನ ಪರಿಚಯ. ವಜ್ರಾಕಾರದ ಅಡ್ಡಕೊಯ್ತವಿರುವ ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿದರೆ ಹೆಲಿಕಾಯಿಲ್. ಅದರ ಒಳಮೈ ಒಂದು ಥ್ರೆಡ್ಡು, ಹೊರಮೈ ಇನ್ನೊಂದು. 8 ಮಿ.ಮೀ. ಬೋಲ್ಟಿನ ಕೆಟ್ಟ ತೂತನ್ನು 8.3ರ ಡ್ರಿಲ್ಲಿನಿಂದ ಬಿಡಿಸಿ, ಸುರುಳಿಗೆಂದೇ ಬರುವ ಟ್ಯಾಪಿನಿಂದ ಹೊಸ ಥ್ರೆಡ್ ಕೊರೆಯಬೇಕು. ಅಲ್ಯೂಮಿನಿಯಮ್ಮಿಗೆ ಒಂದೆರಡು ಹನಿ ಸೀಮೆಎಣ್ಣೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಟ್ಯಾಪಿನ ತೋಡುಗಳಲ್ಲಿ ಗ್ರೀಸ್ ತುಂಬಿದ್ದರೆ ಹೊಳೆಯುವ ಚೂರುಗಳು ಅದಕ್ಕೇ ಅಂಟಿಕೊಂಡು ಹೊರಬರುತ್ತವೆ, ಸಿಲಿಂಡರಿಗೆ ಬೀಳುವುದಿಲ್ಲ. ಆಮೇಲೆ ಸುರುಳಿಯ ತಳದಲ್ಲಿರುವ ಅಡ್ಡ ಬಾಲವನ್ನು ಹಿಡಿದು ತಿರುಗಿಸುತ್ತ, ಮೇಲ್ಮೈಯಿಂದ ಕಾಲು ಸುತ್ತು ಕೆಳಗಿಳಿಯುವವರೆಗೆ ಒಳಗಿಳಿಸಬೇಕು. ಕೈ ಬಿಟ್ಟೊಡನೆ ಸುರುಳಿ ಹಿಗ್ಗಿ ಗೋಡೆ ಕಚ್ಚುತ್ತದೆ. ಬಾಲವನ್ನು ಮುರಿದು ಹೊರತೆಗೆದರೆ ಕೆಲಸ ಮುಗಿಯಿತು. ತೆಗೆಯದೆ ಮರೆತರೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಅದೇ ನೆನಪಿಸುತ್ತದೆ, ಸಾಕಷ್ಟು ಜೋರಾಗಿ. ಗಟ್ಟಿತನ ಎಲ್ಲಿಂದ ಬಂತು ಅಂದರೆ, ಅಲ್ಯೂಮಿನಿಯಮ್ಮಿನಲ್ಲಿ ಕೊರೆದ ಹೊಸ ಥ್ರೆಡ್ ಹಳೆಯದಕ್ಕಿಂತ ಅಗಲ, ಹಾಗಾಗಿ ಹಿಡಿತದ ಜಾಗ ಜಾಸ್ತಿ. ಸುರುಳಿಗೆ ಕೊಂಚ ಬಳುಕುವ ಗುಣವಿರುವುದರಿಂದ ಮೊದಲ ಸುತ್ತಿನ ಮೇಲೇ ಬೀಳುತ್ತಿದ್ದ ಭಾರ ಉಳಿದವಕ್ಕೂ ಹಂಚಿಹೋಗುತ್ತದೆ. ಹಾಜರಿ ಹಾಕಿ ಕೂತವರಿಂದ ಕೊನೆಗೂ ಕೆಲಸ ತೆಗೆಸಿದಂತಾಯಿತು.

ಮಡಿವಂತರ ತಕರಾರು: ಕಾರ್ಖಾನೆ ಕೊಟ್ಟ ಥ್ರೆಡ್ ಹೋಯಿತಲ್ಲ, ಅಸಲಿತನ ಎಲ್ಲಿ ಉಳಿಯಿತು? ಹೋದದ್ದು ಸುರುಳಿ ಬರುವ ಮೊದಲೇ, ಕಕ್ಷಿದಾರನ ತಪ್ಪೇನೂ ಇಲ್ಲ. ತೂತಿನ ಬಾಯಲ್ಲಿ ಒಂದು ಎಳೆ ತಂತಿ ಸೇರಿದ್ದು ಇವರಿಗೆ ಕಲಬೆರಕೆ. ಯಾವುದೋ ಊರಿನ ಯಾವುದೋ ಟ್ಯಾಕ್ಸಿಯ, ಎಷ್ಟು ಸಲ ಕಾದು ಸೊಟ್ಟಗಾಗಿದೆಯೋ ತಿಳಿಯದ ಹೆಡ್ಡನ್ನು ಇಡಿಯಾಗಿ ತಂದು ಕೂರಿಸುವುದು ಮಾತ್ರ ಶುದ್ಧ! ಕಾರು ಹುಟ್ಟಿದಾಗಿನಿಂದ ಜೊತೆಗಿದ್ದ ಹೆಡ್ಡನ್ನು ಉಳಿಸಿಕೊಳ್ಳುವುದಲ್ಲವೇ ಅಸಲಿತನ? ಅದೂ ಅಲ್ಲದೆ ಸುರುಳಿ ಎಂದರೆ ತೇಪೆಯೇ ಎಂಬ ನಂಬಿಕೆ ಸರಿಯಲ್ಲ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಿಗೆ ಲೈಕಮಿಂಗ್ ಕಂಪನಿ ಕೊಡುವ ಸಿಲಿಂಡರುಗಳಲ್ಲಿ ಪ್ಲಗ್ ಕೂರುವ ತೂತಿಗೆ ಹೊಸದರಲ್ಲೇ ಹೆಲಿಕಾಯಿಲ್ ಹಾಕಿರುತ್ತಾರೆ. ಆಕಾಶದಲ್ಲಿ ನಡೆಯುವ ಮಡಿ ಚಾಮರಾಜಪೇಟೆಯಲ್ಲಿ ಏಕೆ ನಡೆಯಬಾರದು?

ಅಡ್ಜಸ್ಟ್ ಪಂಥದವರಿಗೆ ಉತ್ತರ ಚಿಕ್ಕದು. ಎಂಟಕ್ಕೆ ಬದಲು ಹತ್ತರ ಬೋಲ್ಟು ಹೊಡೆದರೆ ತೂತಿನ ಗೋಡೆ ತೆಳುವಾಗುತ್ತದೆ, ಮೇಲೆ ಕೂರುವ ಭಾಗದ ತೂತನ್ನೂ ಹಿಗ್ಗಿಸಬೇಕಾಗುತ್ತದೆ. ಅದೂ ಕೆಟ್ಟ ದಿನ ಹನ್ನೆರಡು. ಎಲ್ಲೋ ಒಂದು ಕಡೆ ಹೆಡ್ಡು ಮುಗಿದು ಬರೀ ಬೋಲ್ಟು ಉಳಿಯುತ್ತದೆ. ಎಂ-ಸೀಲ್ ಒಳ್ಳೆಯ ವಸ್ತು, ನೀರಿನ ಟ್ಯಾಂಕಿಗೆ.

ಒಂದು ತಕರಾರನ್ನು ಮಾತ್ರ ನಾನು ಒಪ್ಪಬೇಕು. ಮತ್ತೆಮತ್ತೆ ಬಿಚ್ಚುವ ಪ್ಲಗ್ಗಿನ ತೂತಿನಲ್ಲಿ ಕೆಲವೊಮ್ಮೆ ಸುರುಳಿ ಪ್ಲಗ್ಗನ್ನೇ ಕಚ್ಚಿಕೊಂಡು ಅದರ ಜೊತೆಗೇ ಹೊರಬರುತ್ತದೆ. ಅಂಥ ಕಡೆ ಉಕ್ಕಿನ ಗಟ್ಟಿ ಬುಷ್ ಹಾಕಿಸುವುದೇ ಮೇಲು ಎಂದು ಟರ್ನರುಗಳು ಹೇಳಿದರೆ ಕೇಳಬೇಕು. ಖರ್ಚು ಜಾಸ್ತಿ, ತೂತು ಇನ್ನಷ್ಟು ದೊಡ್ಡದಾಗುತ್ತದೆ, ಆದರೆ ಅದು ಜಾಗ ಬಿಟ್ಟು ಕದಲುವುದು ಅಪರೂಪ. ಮಿಕ್ಕ ಕಡೆ, ಮ್ಯಾನಿಫೋಲ್ಡು, ವಾಟರ್ ಪಂಪು, ಟೈಮಿಂಗ್ ಕವರು, ಸುರುಳಿಯೇ ಸಾಕು. ಅದೂ ಒಂದು ದಿನ ಸವೆದರೆ ಮೊನೆಯ ಪ್ಲೈಯರಿನಿಂದ ತುದಿ ಹಿಡಿದು ಒಳಕ್ಕೆ ಮಡಿಸಿ ಕಿತ್ತು, ಅದೇ ಥ್ರೆಡ್ಡಿಗೆ ಇನ್ನೊಂದನ್ನು ತಿರುಗಿಸಬಹುದು. ಟ್ಯಾಪನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವ ಅಗತ್ಯವೂ ಬೀಳುವುದಿಲ್ಲ.