ಆಷಾಢದಲ್ಲಿ ಓದಿದರೆ ದೋಷವಿಲ್ಲ

ಆಷಾಢದಲ್ಲಿ ಮದುವೆ ಮಾಡಬಾರದು, ಹೊಸ ಮನೆಗೆ ಹಾಲುಕ್ಕಿಸಬಾರದು, ಹೊಸ ಸೊಸೆ ಅತ್ತೆಯ ಮುಖ ನೋಡಬಾರದು. ಇಷ್ಟುದ್ದದ ಪಟ್ಟಿ ಮಾಡಿಟ್ಟ ಹಿರಿಯರು ಅದರಲ್ಲಿ ಓದನ್ನು ಸೇರಿಸಲಿಲ್ಲ. ಲಗ್ನಪತ್ರಿಕೆ ಬರುವುದಿಲ್ಲ, ಮುಯ್ಯಿಗೆ ಪರದಾಡಬೇಕಿಲ್ಲ, ರೇಷ್ಮೆ ಸೀರೆಗಳು ಬೀರುವಿನಲ್ಲೇ ನಿದ್ದೆ ಹೊಡೆಯುತ್ತವೆ. ವರ್ಷದ ಮಿಕ್ಕ ತಿಂಗಳುಗಳೆಲ್ಲ ನೆಂಟರಿಷ್ಟರಿಗೆ, ಆಷಾಢ ಮಾತ್ರ ಓದುವವರಿಗೆ ಎಂದು ನಮ್ಮನೆಯ ಮಟ್ಟಿಗೆ ನಾನೇ ಶಾಸ್ತ್ರ ಮಾಡಿಬಿಟ್ಟಿದ್ದೇನೆ.

ಓದುವುದೇನೋ ಸಲೀಸು, ಕಷ್ಟವಿರುವುದು ಓದಿದ್ದಕ್ಕೆ ಲೆಕ್ಕ ಕೊಡುವುದರಲ್ಲಿ. ಈಗಿನವರು ತಿಂಗಳು ಮುಗಿಯುತ್ತಲೇ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಪಕ್ಕದಲ್ಲೊಂದು ಲೋಟ ಕಾಫಿ ಇಟ್ಟು, 'ಈ ತಿಂಗಳ ಓದು' ಎಂದು ಫೋಟೋ ಹಾಕುತ್ತಾರೆ. ಕಾಫಿ ಆರಿ ಕೆನೆಗಟ್ಟಿರುತ್ತದೆ, ಪುಸ್ತಕದ ಮಡಿಕೆ ಮಾತ್ರ ಮುರಿದಿರುವುದಿಲ್ಲ. ಗೋಪುರ ಎತ್ತರವಾದಷ್ಟೂ ಮರ್ಯಾದೆ. ನಮ್ಮ ಯಜಮಾನರೂ ಇದೇ ಪಂಥದವರು; ಒಂದೇ ವ್ಯತ್ಯಾಸವೆಂದರೆ ಅವರು ಓದುವುದೂ ಇಲ್ಲ, ಪೇರಿಸುವುದೂ ಇಲ್ಲ, ಎಣಿಸುತ್ತಾರೆ. ನಿವೃತ್ತಿಯಾದ ಮೇಲೆ ಅವರ ಲೆಕ್ಕ ತಪಾಸಣೆಗೆ ಸಿಕ್ಕಿರುವ ಕಚೇರಿ ನಾನೊಬ್ಬಳೇ. ಸಂಜೆ ವಾಕಿಂಗ್ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಕ್ರಿಕೆಟ್ ಸ್ಕೋರು ಕೇಳುವ ಹಾಗೆ ಕೇಳುತ್ತಾರೆ: "ಎಷ್ಟನೇ ಪುಟ?"

ಈ ಸಲ ಮೊದಲಿಗೆ ಹಿಡಿದದ್ದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ ಬಂದ ಈ ಕಾದಂಬರಿಗೆ ಕನ್ನಡಿಗರ ಮನೆಯ ಷೋಕೇಸಿನಲ್ಲಿ ಕಾಯಂ ಜಾಗ. ಯುಗಾದಿಗೊಮ್ಮೆ ದಸರಾಕ್ಕೊಮ್ಮೆ ಇಳಿಸಿ, ಧೂಳು ಒರೆಸಿ, ಮತ್ತೆ ಏರಿಸುತ್ತಾರೆ. ಅದು ನನ್ನ ಕೈಯಲ್ಲಿರುವಷ್ಟು ದಿನ ನನ್ನ ಬೆಲೆಯೂ ಏರಿತ್ತು. ಹೂ ಮಾರುವಾಕೆ ಕೂಡ "ಓದ್ಕಳಿ ಅಮ್ಮಾವ್ರೆ, ಆಮೇಲೆ ಬತ್ತೀನಿ" ಎಂದು ಹಿಂದಕ್ಕೆ ಹೋದಳು. ಯಜಮಾನರಿಗೆ ಮಾತ್ರ ಅವಸರ. "ಆ ಗುತ್ತಿ ಇನ್ನೂ ನಡೀತಾನೇ ಇದಾನಾ?" ನಡೆಯದೆ ಮತ್ತೇನು ಮಾಡುತ್ತಾನೆ? ಮಲೆನಾಡಿನ ಕಾಲುದಾರಿಯಲ್ಲಿ ಹುಲಿಯನೆಂಬ ನಾಯಿಯನ್ನು ಜೊತೆಗಿಟ್ಟುಕೊಂಡು ಹೊರಟವನಿಗೆ ಬೇಗ ಬೇಗ ನಡಿ ಎನ್ನಲು ನಾವ್ಯಾರು? ದಾರಿಯಲ್ಲಿ ಎದುರಾದವರೆಲ್ಲರ ಮನೆಯ ಒಳಹೊರಗು ತಿಳಿದುಕೊಂಡೇ ಮುಂದೆ ಹೋಗಬೇಕು. ಓದಲು ಪುರುಸೊತ್ತಿಲ್ಲದವರು ನಾಟಕವನ್ನಾದರೂ ನೋಡಿ ಪಾರಾಗೋಣವೆಂದರೆ ಅದೂ ಸಾಧ್ಯವಿಲ್ಲ. 2010ರಲ್ಲಿ ನಮ್ಮ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ರಂಗಕ್ಕೆ ತಂದಾಗ ಅದು ರಾತ್ರಿಯಿಡೀ ನಡೆಯುವ ನಾಟಕವೇ ಆಯಿತು. ಈ ಕಾದಂಬರಿಗೆ ಒಳದಾರಿಯಿಲ್ಲ. ಕೊನೆಗೆ ನೆರೆ ಬಂದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋದಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಯಜಮಾನರು ಬಗ್ಗಿ ನೋಡಿ, "ಮುಗೀತಾ ಬಂತಲ್ಲ, ಅದಕ್ಯಾಕೆ ಅಳ್ತೀಯ?" ಎಂದರು.

ನನ್ನ ಮಾನ ಹೋದದ್ದು ಅದಾದ ಮೇಲೆ, ತೆಳ್ಳಗಿನ ಪುಸ್ತಕಗಳನ್ನು ಹಿಡಿದಾಗ. ವಿವೇಕ ಶಾನಭಾಗರ 'ಘಾಚರ್ ಘೋಚರ್' ನೀಳ್ಗತೆ ಒಂದು ಮಧ್ಯಾಹ್ನಕ್ಕೆ ಮುಗಿಯಿತು. "ಇಷ್ಟೇನಾ?" ಎಂದರು ನಮ್ಮ ತಪಾಸಣಾಧಿಕಾರಿಗಳು. ಇಷ್ಟೇ ಆಗಿದ್ದರೆ ನಾನೂ ಹಾಯಾಗಿ ಮಲಗುತ್ತಿದ್ದೆ. ಅದರಲ್ಲೊಂದು ಮನೆಯಿದೆ. ಕೈ ಕಟ್ಟಿದ್ದ ದಿನಗಳಲ್ಲಿ ಆ ಮನೆಮಂದಿ ಸೇರಿ ಇರುವೆಗಳನ್ನು ಹೊಸಕುತ್ತಾರೆ. ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರ ಕುದುರಿ ದುಡ್ಡು ಬಂದ ಮೇಲೆ, ಅದೇ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಣ್ಣೊಬ್ಬಳು ಮಸೂರ ಬೇಳೆಯ ಸಾರನ್ನು ಡಬ್ಬಿಯಲ್ಲಿ ತಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮನೆಯ ಹೆಂಗಸರು ಅವಳ ಮೇಲೆ ಮುಗಿಬೀಳುತ್ತಾರೆ, ಸಾರು ನೆಲದ ಪಾಲಾಗುತ್ತದೆ. ಚೆಲ್ಲಿದ ಆ ಸಾರಿನ ಪರಿಮಳ ಕೂಡ ಕತೆಯಲ್ಲಿದೆ. ಇದನ್ನು ಓದಿದವರು ಮರುದಿನ ಒಲೆಯ ಮೇಲೆ ಬೇಳೆ ಇಟ್ಟು ನೋಡಲಿ. ನಾನಂತೂ ಸಕ್ಕರೆ ಡಬ್ಬಿಯ ಇರುವೆ ಸಾಲಿಗೆ ಸೀಮೆಸುಣ್ಣ ಎಳೆಯಲು ಹೋಗಿ, ನನ್ನ ಕೈಯನ್ನೇ ಒಂದು ಗಳಿಗೆ ಅನುಮಾನದಿಂದ ನೋಡಿದೆ. ಕತೆ ಹೇಳುವವನು ಹೆಸರಿಗೆ ಕಂಪನಿಯ ನಿರ್ದೇಶಕ, ಕೆಲಸ ಮಾತ್ರ ಕಾಫಿ ಹೌಸಿನಲ್ಲಿ ಕೂರುವುದು ಎಂದು ತಿಳಿದಾಗ ಯಜಮಾನರು, "ಆ ಹುಡುಗ ಒಳ್ಳೇವನು ಅನ್ಸುತ್ತೆ" ಎಂದರು.

ಪುಟದ ಲೆಕ್ಕ ಇಲ್ಲಿಂದಲೇ ಕೆಟ್ಟಿತು. ಪುಸ್ತಕದ ಉದ್ದವನ್ನು ಅಳೆಯಬೇಕಾದದ್ದು ಅದು ಮುಗಿದ ಮೇಲೆ ಎಂದು ನನಗನ್ನಿಸತೊಡಗಿತು. ಮಧ್ಯಾಹ್ನಕ್ಕೆ ಮುಗಿದದ್ದು ವಾರವಾದರೂ ಅಡುಗೆಮನೆಯಿಂದ ಹೊರಡದಿದ್ದರೆ ಅದನ್ನು ಎಷ್ಟು ಪುಟದ ಪುಸ್ತಕವೆಂದು ಬರೆದುಕೊಳ್ಳುವುದು?

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ನಮ್ಮ ಬಡಾವಣೆಯ ಗ್ರಂಥಾಲಯದಿಂದ ಬಂತು. ಇದರಲ್ಲಿ ಯಜಮಾನರ ಪಾಲೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪುಣ್ಯದಿಂದ ಮನೆಗಂದಾಯದ ಜೊತೆಗೇ ಗ್ರಂಥಾಲಯ ಕರವೂ ಹೋಗುತ್ತದಲ್ಲ! "ನೀವು ಕಟ್ಟಿ, ನಾನು ಓದಿ ವಸೂಲಿ ಮಾಡ್ತೀನಿ" ಎಂದು ಒಪ್ಪಂದವಾಗಿದೆ. ಗ್ರಂಥಾಲಯದ ಪುಸ್ತಕದ ಸೊಗಸೆಂದರೆ ಹಿಂದೆ ಓದಿದವರೂ ಅದರಲ್ಲೇ ವಾಸವಾಗಿರುತ್ತಾರೆ. ಈ ಪ್ರತಿಯಲ್ಲೊಬ್ಬರು ಪೆನ್ಸಿಲ್ ಹಿಡಿದು ಕಾಗುಣಿತ ತಿದ್ದುತ್ತಾ ಬಂದಿದ್ದಾರೆ, ಮೇಷ್ಟರೇ ಇರಬೇಕು. ಬಾಲವಿಧವೆಯಾಗಿ ಎಲ್ಲವನ್ನೂ ಮೌನವಾಗಿ ನುಂಗಿಕೊಂಡ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುತ್ತಾಳೆ. ಅಲ್ಲಿಗೆ ಬರುವ ಹೊತ್ತಿಗೆ ಮೇಷ್ಟರ ಪೆನ್ಸಿಲ್ ನಿಂತುಹೋಗಿದೆ. ಮುಂದೆ ಒಂದು ದೀರ್ಘವೂ ತಿದ್ದಿಲ್ಲ. ತಪ್ಪುಗಳು ಮುಗಿದವೆಂದಲ್ಲ, ನನಗೇ ಎರಡು ಸಿಕ್ಕಿದವು.

ಈ ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ 45 ದಾಟಿದ ಮೇಲೆ. "ಬರೀಬೇಕು ಅಂತಿದ್ದೆ, ವಯಸ್ಸಾಯ್ತು" ಎಂದು ನಿಟ್ಟುಸಿರು ಬಿಡುವ ನನ್ನ ಗೆಳತಿಯರು ಇನ್ನು ಬೇರೆ ನೆಪ ಹುಡುಕಿಕೊಳ್ಳಬೇಕು.

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಕ್ಯೂಗೆ ಬಾನು ಮುಷ್ತಾಕ್ ಅವರ ಕತೆಗಳನ್ನು ಒಯ್ದಿದ್ದೆ. 2025ರಲ್ಲಿ ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಬೀದಿಯೆಲ್ಲ ಹೆಮ್ಮೆಯಿಂದ ಬೀಗಿತ್ತು. "ಓದಿದ್ರಾ?" ಎಂದರೆ "ಅಯ್ಯೋ, ಓದೋಕ್ಕೆಲ್ಲಿ ಟೈಮು, ಹೆಮ್ಮೆಪಡೋದ್ರಲ್ಲೇ ಆಗೋಯ್ತು" ಎನ್ನುವ ಉತ್ತರ. ಅದೇ ವರ್ಷ ಇದೇ ಬೆಟ್ಟದ ಮೇಲೆ ದಸರಾ ಉದ್ಘಾಟಿಸಿದವರೂ ಅವರೇ. ಅದಕ್ಕೆ ಪರವೋ ವಿರೋಧವೋ ಗಂಟಲು ಹರಿದುಕೊಂಡವರಲ್ಲಿ ಅವರ ಒಂದು ಕತೆಯನ್ನಾದರೂ ಓದಿದವರು ಕೈ ಎತ್ತಿ ಎಂದಿದ್ದರೆ ಬೆಟ್ಟದ ಮೇಲೆ ಬಹಳ ನಿಶ್ಶಬ್ದ ಇರುತ್ತಿತ್ತು. ಕ್ಯೂ ತೆವಳುತ್ತಿತ್ತು, ನಾನು 'ಒಮ್ಮೆ ಹೆಣ್ಣಾಗು ಪ್ರಭುವೇ' ಕತೆಯಲ್ಲಿದ್ದೆ. ಹಿಂದೆ ನಿಂತಿದ್ದ ಯಜಮಾನರು ಹೆಗಲ ಮೇಲಿಂದ ಶೀರ್ಷಿಕೆ ಓದಿ ಗಂಟಲು ಸರಿಮಾಡಿಕೊಂಡರು. "ಹೆದರಬೇಡಿ," ಎಂದೆ, "ಪ್ರಭುಗಳು ಅಷ್ಟು ದೂರ ಹೋಗೋದು ಬೇಡ. ನಮ್ಮನೆ ಪ್ರಭುಗಳು ಒಂದು ವಾರ ಅಡುಗೆಮನೆಗೆ ಬಂದರೆ ಸಾಕು."

ಬೀಚಿಯವರು ಕನ್ನಡದ ಕಡೆ ತಿರುಗಿದ್ದು ಅ.ನ.ಕೃ. ಅವರ 'ಸಂಧ್ಯಾರಾಗ' ಓದಿದ ಮೇಲೆ ಎಂದು ಕೇಳಿದ್ದರಿಂದ, ಯಾರ ಬಗ್ಗೆಯೂ ನಾನು ಆಸೆ ಬಿಡುವುದಿಲ್ಲ. ತೇಜಸ್ವಿಯವರ 'ಕರ್ವಾಲೋ'ವನ್ನು ಬೇಕೆಂದೇ ಪೇಪರಿನ ಪಕ್ಕದಲ್ಲಿಟ್ಟೆ. 1980ರ ಪುಸ್ತಕ, ದಪ್ಪವೂ ಅಲ್ಲ. ಯಜಮಾನರು ಅಭ್ಯಾಸಬಲದಿಂದ ಪುಟ ಎಣಿಸಲು ತಿರುವಿದರು. ಬಿರಿಯಾನಿ ಕರಿಯಪ್ಪ ಎಂಬ ಹೆಸರು ಕಣ್ಣಿಗೆ ಬಿತ್ತು. "ಯಾರೇ ಇವನು?" ಎಂದವರು ಮೂಡಿಗೆರೆಯ ಜೇನು ಸೊಸೈಟಿಯಿಂದ ಶುರುಮಾಡಿ, ಮಂದಣ್ಣನ ಜೊತೆ ಅಲೆದು, ಹಾರುವ ಓತಿಯ ಬೆನ್ನುಹತ್ತಿ ಕಾಡು ಹೊಕ್ಕರು. ಸಂಜೆ ವಾಕಿಂಗ್ ತಪ್ಪಿತು. ಎಷ್ಟನೇ ಪುಟ ಎಂದು ನಾನೂ ಕೇಳಲಿಲ್ಲ.

ಇವತ್ತು ಊಟದ ಹೊತ್ತಾದರೂ ಪುಸ್ತಕ ಕೆಳಗಿಡಲಿಲ್ಲ. "ಕೊನೆಗೆ ಆ ಓತಿ ಸಿಗುತ್ತಾ, ಇಲ್ವಾ? ಅಷ್ಟು ಹೇಳಿಬಿಡೇ" ಎಂದರು. ಬೇಳೆ ತೊಳೆದು ಕುಕ್ಕರ್ ಇಡಿ, ಮೂರು ವಿಷಲ್ ಕೂಗಿದ ಮೇಲೆ ಹೇಳುತ್ತೇನೆ ಎಂದಿದ್ದೇನೆ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬೇಳೆ ಡಬ್ಬಿ ಹುಡುಕುತ್ತಿದ್ದಾರೆ. ಮೂರನೇ ವಿಷಲ್ ಆದ ಮೇಲೂ ನಾನು ಹೇಳುವವಳಲ್ಲ.