ಒಂದು ಫೇಜ್ ಹೋಗೇತ್ರಿ!

ನಮ್ಮ ಕಡೆ ವೋಲ್ಟೇಜಿನ ಬಗ್ಗೆ ಅಭಿಪ್ರಾಯ ಇಲ್ಲದ ಮನುಷ್ಯ ಸಿಗುವುದು ಕಷ್ಟ. ಬನಹಟ್ಟಿಯಲ್ಲಿ ಪಾವರ್‌ಲೂಮಿನ ಸಪ್ಪಳ ಕೊಂಚ ಎಳೆದರೂ ಸಾಕು, ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕುತ್ತ ಕೂತ ಅಜ್ಜಿ "ವೋಲ್ಟೇಜ್ ಬಿತ್ತು ನೋಡ" ಅನ್ನುತ್ತಾಳೆ. ಮುಧೋಳದ ಕಬ್ಬಿನವರು ಮನೆಯ ಬಲ್ಬು ನೋಡಿಯೇ ಹೊಲದ ಮೋಟರು ಎತ್ತುತ್ತದೋ ಇಲ್ಲವೋ ಹೇಳುತ್ತಾರೆ. ತ್ರೀ ಫೇಜ್ ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೋಯಿತು ಎಂಬುದರ ಮೇಲೆ ಇಲ್ಲಿ ಊಟ, ನಿದ್ದೆ, ಬೀಗರ ಉಪಚಾರ ಎಲ್ಲ ನಿಂತಿದೆ. ಇಂಥ ಸೀಮೆಯಲ್ಲಿ ನನ್ನ ಹಳೆಯ ಮಾರುತಿ 800ಕ್ಕೆ ಲೋ ವೋಲ್ಟೇಜ್ ಕಾಯಿಲೆ ಬಂದರೆ ವೈದ್ಯರಿಗೇನು ಬರ?

1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಗಿರಾಕಿಯ ಕೈಗೆ ಕೀಲಿ ಕೊಟ್ಟ ಈ ಗಾಡಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ಈ ಸುದ್ದಿಯನ್ನು ನನ್ನ ಕಾರಿಗೆ ಯಾರೂ ತಿಳಿಸಿಲ್ಲ, ನಾನೂ ತಿಳಿಸಲು ಹೋಗಿಲ್ಲ. ಅದು ಜಮಖಂಡಿಯ ಚಡಾವು ಏರುತ್ತಿತ್ತು, ಸಂತೆಯ ಚೀಲ ಹೊರುತ್ತಿತ್ತು. ಆದರೆ ಕಳೆದ ಕಬ್ಬಿನ ಹಂಗಾಮಿನಲ್ಲಿ ಅದಕ್ಕೊಂದು ಮಂಕು ಕವಿಯಿತು. ಗಾಡಿ ನಿಂತಲ್ಲಿ ನಿಂತು ಗುರುಗುಟ್ಟುವಾಗ ಹೆಡ್‌ಲೈಟು ಹಳದಿ, ಆಕ್ಸಿಲರೇಟರ್ ಒತ್ತಿದರೆ ಬಿಳಿ. ಇಂಡಿಕೇಟರ್ ಒಮ್ಮೆ ಕಣ್ಣು ಮುಚ್ಚಿದರೆ ತೆರೆಯಲು ಹೊತ್ತು ಮಾಡುತ್ತಿತ್ತು. ಮೀಟರಿನ ಪಕ್ಕದ ಬ್ಯಾಟರಿ ಚಿತ್ರದ ಕೆಂಪು ದೀಪ ಪೂರ್ತಿ ಹತ್ತದೆ, ಪೂರ್ತಿ ಆರದೆ ಮಿಣಮಿಣ ಎನ್ನುತ್ತಿತ್ತು. ಇನ್ನು ಹಾರ್ನು! ಮುಧೋಳದ ನಾಯಿಗಳು ಬೇಟೆಗೆ, ಓಟಕ್ಕೆ ಹೆಸರಾದವು. ಪಟ್ಟಣದ ಅಂಚಿನಲ್ಲಿ ದಾರಿಗಡ್ಡ ಮಲಗಿದ್ದ ಆ ವಂಶದ ಒಂದು ನಾಯಿ ನನ್ನ ಹಾರ್ನಿಗೆ ಕಿವಿಯನ್ನೂ ಎತ್ತಲಿಲ್ಲ. ಕೊನೆಗೆ ಇಳಿದು "ಹಚಾ" ಎಂದೆ.

ಮೊದಲ ಔಷಧಿ ಬೀಳಗಿಯಿಂದ ಬಂತು. ನಮ್ಮ ಬೀಗರದು ಆಲಮಟ್ಟಿ ಹಿನ್ನೀರಿನ ಸೀಮೆ. ಎಲ್ಲ ರೋಗಕ್ಕೂ ನೀರೇ ಮದ್ದೆಂಬ ನಂಬಿಕೆ ಅವರದು. "ಬ್ಯಾಟರಿಗೆ ನೀರ ಕುಡಿಸ್ರಿ, ಬಾಯಾರೇತಿ" ಎಂದು ಡಿಸ್ಟಿಲ್ಡ್ ವಾಟರಿನ ಬಾಟಲಿ ಹಿಡಿದೇ ಬಂದರು. ಅದು ಸೀಲ್ ಮಾಡಿದ ಬ್ಯಾಟರಿ, ತೆರೆಯಲು ಮುಚ್ಚಳವಿಲ್ಲ. ಬೀಗರು ಸುತ್ತ ಸವರಿ ನೋಡಿ, ಬಾಯಿಲ್ಲದ ಬ್ಯಾಟರಿ ಕೊಂಡದ್ದೇ ತಪ್ಪೆಂದು ತೀರ್ಪು ಕೊಟ್ಟು ಚಹಾಕ್ಕೆ ಕೂತರು.

ಮುಧೋಳದಲ್ಲೊಂದು ಮದುವೆಯ ರಾತ್ರಿ ಗಾಡಿ ಸೆಲ್ಫ್ ತಗೊಳ್ಳಲಿಲ್ಲ. ನೂಕಿ ಚಾಲೂ ಮಾಡಿದ ಮಂದಿಯಲ್ಲಿ ಒಬ್ಬರು ಹಿರಿಯರು ಅಂಬಾಸಿಡರ್ ಕಾಲದವರು. "ಇಂಜಿನ್ ಚಾಲೂ ಇರೂವಾಗ ಬ್ಯಾಟರಿ ಟರ್ಮಿನಲ್ ಕಿತ್ತ ಬಿಡ್ರಿ. ಬಂದ್ ಆತಂದ್ರ ಡೈನಮೋ ಹೋಗೇತಿ ಅಂತ ತಿಳಕೋರಿ" ಎಂದು ಕೈ ಚಾಚಿಯೇಬಿಟ್ಟರು. ಡೈನಮೋ ಇದ್ದ ಹಳೆಯ ಗಾಡಿಗಳಿಗೆ ಈ ಪರೀಕ್ಷೆ ನಡೆಯುತ್ತಿತ್ತೇನೋ. ಈಗಿನ ಆಲ್ಟರ್ನೇಟರಿನಲ್ಲಿ ಹಾಗೆ ಕಿತ್ತರೆ ವೋಲ್ಟೇಜು ಒಮ್ಮೆಲೇ ಜಿಗಿದು ಡಯೋಡು, ರೆಗ್ಯುಲೇಟರು, ಗಾಡಿಯ ಕಂಪ್ಯೂಟರು ಯಾವುದನ್ನಾದರೂ ಸುಡಬಹುದು. ನಾನು ಬಾನೆಟ್ ಮುಚ್ಚಿ ಅದರ ಮೇಲೆ ಆಯೇರಿಗೆ ಬಂದ ಟವೆಲ್ಲು ಹಾಸಿ ಕೂತುಬಿಟ್ಟೆ.

ಉಳಿದವರದೆಲ್ಲ ಒಂದೇ ಮಾತು: ಹೊಸ ಬ್ಯಾಟರಿ ಹಾಕಿಸಿ. ನನ್ನ ಜಿಪುಣತನ ಇಲ್ಲಿ ಕೈಹಿಡಿಯಿತು. ಹೊಸ ಬ್ಯಾಟರಿಯ ರೇಟು ಕೇಳಿದ ಮೇಲೆ ನೂಕುವ ಮಂದಿಯ ಮೇಲೆ ನನಗಿದ್ದ ಗೌರವ ಇಮ್ಮಡಿಯಾಯಿತು.

ಎಲ್ಲರಿಗಿಂತ ಬೇರೆ ಮಾತು ಆಡಿದವನು ಬನಹಟ್ಟಿಯ ನೇಕಾರ ಗೆಳೆಯ. ಮಗ್ಗದ ಮನೆಯಲ್ಲಿ ಬೆಳೆದವನು. ಮೋಟರು ಗುಂಯ್ ಎಂದು ಅಳುವುದರಲ್ಲೇ ಸುಟ್ಟದ್ದೋ ಸುಡುವುದೋ ಗೊತ್ತಾಗುವ ಕಿವಿ ಅವನದು. ಕಾರಿನ ಬಾನೆಟ್ಟಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ಅಂದ: "ಒಂದ ಫೇಜ್ ಹೋಗೇತ್ರಿ."

ನಾನು ನಕ್ಕೆ. ಕಾರಿಗೆಲ್ಲಿಯ ಫೇಜು ಮಾರಾಯ, ಹನ್ನೆರಡು ವೋಲ್ಟಿನ ಬ್ಯಾಟರಿ ಎಂದೆ. ಅವನು ನಗಲಿಲ್ಲ. ಬೇಕಾದರೆ ಬಿಚ್ಚಿಕೊಡಿ, ವೈಂಡಿಂಗ್ ಅಂಗಡಿಯಲ್ಲಿ ಹೊಸ ತಾಮ್ರದ ತಂತಿ ಸುತ್ತಿಸಿಕೊಡುತ್ತೇನೆ ಎಂದ.

ಜಮಖಂಡಿಯಲ್ಲಿ ನಾನು ಹೋಗುವ ಆಟೋ ಇಲೆಕ್ಟ್ರಿಕ್ ಮಿಸ್ತ್ರಿಗೆ ಹಂಗಾಮಿನಲ್ಲಿ ಕಾರು ಅಂದರೆ ಸಸಾರ. ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳೇ ಅವನ ದೊಡ್ಡ ಗಿರಾಕಿಗಳು. ಅವುಗಳ ಸೌಂಡ್ ಬಾಕ್ಸಿನ ದಣಿವು ತೀರಿಸುವುದರಲ್ಲೇ ಅವನ ಹಗಲು ಮುಗಿಯುತ್ತದೆ. ನನ್ನ ಸರದಿ ಬಂದಾಗ ಹೊಸ ಬ್ಯಾಟರಿಯ ಮಾತೆತ್ತಿದೆ.

"ಮಾಸ್ತರ್ರ, ಬ್ಯಾಟರಿ ಅಂದ್ರ ಹಗೇವು. ಜೋಳ ತುಂಬಿದ್ರ ತಗೀಬೇಕು. ಹಗೇವು ಬರಿದಾತಂತ ಹಗೇವು ಬದಲಿ ಮಾಡ್ತೀರೋ, ಹೊಲದಾಗ ಯಾಕ ಬೆಳೀಲಿಲ್ಲ ಅಂತ ನೋಡ್ತೀರೋ?"

ಎಂದವನೇ ಮೀಟರ್ ತಂದ. ಇಂಜಿನ್ ಬಂದ್ ಇರುವಾಗ 12.2. ತುಂಬಿದ ಬ್ಯಾಟರಿಯಾದರೆ 12.6 ಇರಬೇಕು, ಇದು ಅರ್ಧ ಹೊಟ್ಟೆ. ಚಾಲೂ ಮಾಡಿದರೆ 13.8ರಿಂದ 14.4ರ ನಡುವೆ ನಿಲ್ಲಬೇಕಾದ ಅಂಕಿ 12.9ಕ್ಕೆ ಉಸಿರು ಬಿಟ್ಟಿತು. ಹೆಡ್‌ಲೈಟು, ಬ್ಲೋವರು ಹಚ್ಚಿದರೆ 12.1. ಅಂದರೆ ದೀಪಗಳು ಬ್ಯಾಟರಿಯ ಗಂಟನ್ನೇ ಕರಗಿಸುತ್ತಿದ್ದವು.

ಬೆಲ್ಟನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿದ, ಬಿಗಿ ಇತ್ತು. ಆಮೇಲೆ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಹಿಂದಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ ಹಿಡಿದ: 0.1. ದಾರಿಯಲ್ಲಿ ಸೋರಿಕೆ ಇಲ್ಲ. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ಹಿಡಿದಾಗ 0.5. ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯ ಬೋಲ್ಟು ತುಕ್ಕು ಹಿಡಿದು ಕಂದು ಪುಡಿ ಉದುರಿಸುತ್ತಿತ್ತು. ಅದನ್ನು ಪಾಲಿಶ್ ಕಾಗದದಿಂದ ತಿಕ್ಕಿ ಬಿಗಿದ. ಅಂಕಿ 13.3ಕ್ಕೆ ಏರಿತು. ನನಗೆ ಅಷ್ಟಕ್ಕೇ ಸಮಾಧಾನ, ಅವನಿಗಾಗಲಿಲ್ಲ.

ಗೆಳೆಯನ ಫೇಜಿನ ಕತೆ ಹೇಳಿ ಮಿಸ್ತ್ರಿಯನ್ನು ನಗಿಸೋಣವೆಂದುಕೊಂಡೆ. ಅವನು ಗಂಭೀರನಾಗಿ "ಇರಬಹುದ್ರಿ" ಎಂದುಬಿಟ್ಟ. ಆಲ್ಟರ್ನೇಟರ್ ಹುಟ್ಟಿಸುವುದು ತ್ರೀ ಫೇಜನ್ನೇ ಅಂತೆ! ಒಳಗೆ ಮೂರು ಸುತ್ತಿನ ತಾಮ್ರ. ಅದರಿಂದ ಬರುವ ಏಸಿ ಕರೆಂಟನ್ನು ಆರು ಡಯೋಡುಗಳು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತವೆ. ಅಮೆರಿಕದ ಕ್ರೈಸ್ಲರ್ ಕಂಪನಿ ಇದನ್ನು ಕಾರುಗಳಿಗೆ ದೊಡ್ಡ ಪ್ರಮಾಣದಲ್ಲಿ ಕೂಡಿಸಿದ್ದು 1960ರ ಸುಮಾರಿಗೆ, ಸಿಲಿಕಾನ್ ಡಯೋಡು ಅಗ್ಗವಾಗತೊಡಗಿದ ಮೇಲೆ. ಡಯೋಡೊಂದು ಸತ್ತರೆ ಚಾರ್ಜಿಂಗು ಕುಗ್ಗುತ್ತದೆ, ದೀಪ ಮಿಣುಕುತ್ತದೆ. ಬನಹಟ್ಟಿಯ ಮಗ್ಗಕ್ಕೂ ನನ್ನ ಕಾರಿನ ಹೊಟ್ಟೆಗೂ ಒಂದೇ ಬಗೆಯ ಕರೆಂಟು ಎಂದು ತಿಳಿದು, ನಕ್ಕ ನಗೆಯನ್ನು ಎಲ್ಲಿಡಲಿ ಎಂದು ತಿಳಿಯಲಿಲ್ಲ.

ಮಿಸ್ತ್ರಿ ಮೀಟರನ್ನು ಏಸಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದ. ಡಯೋಡು ಹೋಗಿದ್ದರೆ ಏಸಿಯ ಅಲೆ ಎದ್ದು ಕಾಣಬೇಕು. ಅಂಕಿ ಸೊನ್ನೆಯ ಬಳಿಯೇ ತಣ್ಣಗಿತ್ತು. "ಮೂರೂ ಅದಾವ್ರಿ. ಬಿಚ್ಚೂಣು."

ಬಿಚ್ಚಿದಾಗ ಕಳ್ಳ ಸಿಕ್ಕಿದ. ತಿರುಗುವ ರೋಟರಿಗೆ ಕರೆಂಟು ಮುಟ್ಟಿಸುವ ಜೋಡಿ ಕಾರ್ಬನ್ನುಗಳು ಸವೆದು ಸವೆದು ಕಿರುಬೆರಳ ಉಗುರಿಗಿಂತ ಗಿಡ್ಡವಾಗಿದ್ದವು. ಹಿಂದಿನ ಸ್ಪ್ರಿಂಗು ಪೂರ್ತಿ ಚಾಚಿದರೂ ತಾಮ್ರದ ಬಳೆಗೆ ಸರಿಯಾಗಿ ತಾಗುತ್ತಿರಲಿಲ್ಲ. ತಾಗಿದಾಗ ಚಾರ್ಜು, ತಾಗದಾಗ ಇಲ್ಲ. ಹಳೆಯದನ್ನು ಸೋಲ್ಡರ್ ಬಿಡಿಸಿ, ಹೊಸ ಕಾರ್ಬನ್ ಬೆಸೆದು, ಬಳೆಯ ಮೇಲಿನ ಕರಿ ಒರೆಸಿ ಕೂಡಿಸಿದ. ಕಾರ್ಬನ್ ಜೋಡಿಯ ಬೆಲೆ ನಾನು ಆ ಮದುವೆಗೆ ಮಾಡಿದ ಆಯೇರಿಗಿಂತ ಕಡಿಮೆ. ನಾನು ಮಾಡಿದ ಆಯೇರಿಯೂ ಹೇಳಿಕೊಳ್ಳುವಂಥದ್ದಲ್ಲ. ಈಗ ಚಾಲೂ ಮಾಡಿದರೆ 14.2, ಎಲ್ಲ ದೀಪ ಹಚ್ಚಿದರೂ 13.8. ಹಳೆಯ ಬ್ಯಾಟರಿಯನ್ನೇ ರಾತ್ರಿಯಿಡೀ ಚಾರ್ಜರಿಗೆ ಹಾಕಿ, ಬೆಳಿಗ್ಗೆ ಲೋಡ್ ಕೊಟ್ಟು ನೋಡಿ, "ಇನ್ನೊಂದ ಹಂಗಾಮ ನಡೀತೈತಿ" ಎಂದ.

ಗೆಳೆಯನಿಗೆ ತಿಳಿಸಲೆಂದು ಬನಹಟ್ಟಿಗೆ ಹೋಗಿ ಮಗ್ಗದ ಸಪ್ಪಳದ ನಡುವೆ ಕೂಗಿ ಹೇಳಿದೆ: ಫೇಜ್ ಹೋಗಿರಲಿಲ್ಲ, ಮೂರೂ ನೆಟ್ಟಗಿದ್ದವು, ಹೋದದ್ದು ಕಾರ್ಬನ್ನು.

"ಹೌದಲ್ಲ, ಫೇಜ್ ಇದ್ದೂವಲ್ಲ?" ಎಂದ ಅವನು, ಓಣಿಗೆಲ್ಲ ಕೇಳುವ ಹಾಗೆ. "ಕಾರಿನಾಗ ಫೇಜ್ ಎಲ್ಲಿಂದ ಬರಬೇಕು ಅಂತ ನಕ್ಕಿದ್ರಿ ನೀವು!"

ಅವನು ಹೀಗೆನ್ನುವ ಹೊತ್ತಿಗೇ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತದ್ದರಿಂದ ಅವನ ಆ ಕೊನೆಯ ಮಾತು ಇಡೀ ಓಣಿಗೆ ಸ್ಪಷ್ಟವಾಗಿ ಕೇಳಿತು. ಈಗ ಬನಹಟ್ಟಿಯಲ್ಲಿ ಯಾರ ಕಾರು ಕೆಟ್ಟರೂ ಮೊದಲು ಅವನನ್ನೇ ಕೇಳುತ್ತಾರೆ.