ಕುರಿಯಿಲ್ಲದ ಊರಲ್ಲಿ ಕೊಲಿ

ಯಾವ ತಳಿಯ ನಾಯಿ ತರಬೇಕು ಅಂತ ಡಲ್ಲಾಸಿನ ನಮ್ಮ ಮನೆಯಲ್ಲಿ ಈಗ ಎರಡು ಪಕ್ಷ. ಮಗಳದು ಬಾರ್ಡರ್ ಕೊಲಿ ಪಕ್ಷ, ಮಗನದು ಸೈಬೀರಿಯನ್ ಹಸ್ಕಿ ಪಕ್ಷ. ಹೆಂಡತಿ ಕೆ.ಆರ್. ನಗರದ ಗದ್ದೆ ಬಯಲಿನವಳು, ನೀರು ಯಾವ ಕಡೆ ಹರಿಯುತ್ತೆ ಅಂತ ನೋಡಿಕೊಂಡೇ ಮಡೆ ತಿರುಗಿಸುವವಳು. ಖರ್ಚು ನನ್ನದಾದ್ದರಿಂದ ನನಗೆ ಮತವಿಲ್ಲ.

ಮಗಳ ವಾದ ಬುದ್ಧಿಯದು. ಸೌತ್ ಕೆರೊಲಿನಾದ ಚೇಸರ್ ಎಂಬ ಬಾರ್ಡರ್ ಕೊಲಿ 1,022 ಆಟಿಕೆಗಳ ಹೆಸರು ಕಲಿತಿತ್ತಂತೆ. ಭಾನುವಾರದ ಕನ್ನಡ ಶಾಲೆಯಲ್ಲಿ ಇವಳು ಅದರ ಕಾಲುಭಾಗ ಕಲಿತಿದ್ದರೆ ನಾನು ಅಂದೇ ನಾಯಿ ತರುತ್ತಿದ್ದೆ. ಮಗನದು ಶೌರ್ಯದ ವಾದ. 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಡಿಫ್ತೀರಿಯಾ ಬಡಿದಾಗ, ಹಿಮದಲ್ಲಿ ಸಾವಿರ ಕಿಲೋಮೀಟರಿಗೂ ಮಿಕ್ಕಿ ಸರದಿಯ ಮೇಲೆ ಓಡಿ ಔಷಧಿ ಮುಟ್ಟಿಸಿದ್ದು ಇಂಥ ಜಾರುಬಂಡಿ ನಾಯಿಗಳೇ. ಸರಿಯಪ್ಪ, ಆದರೆ ಡಲ್ಲಾಸಿನ ಬೇಸಿಗೆ 38 ಡಿಗ್ರಿ ದಾಟುತ್ತೆ. ಹಸ್ಕಿಗೆ ಏಸಿ, ಏಸಿ ಬಿಲ್ಲಿಗೆ ನಾನು.

ವಿಡಿಯೋ ಕಾಲಿನಲ್ಲಿ ವ್ಯಾಜ್ಯ ಹುಣಸೂರು ಕಡೆಯ ಹಳ್ಳಿಗೆ ಹೋಯಿತು. ಅವ್ವ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂತಿದ್ದಳು. ಪಕ್ಕದಲ್ಲಿ ನಮ್ಮ ನಾಯಿ ಕರಿಯ. ಅವನನ್ನು ಯಾರೂ ಆರಿಸಲಿಲ್ಲ, ಅವನೇ ಬಂದು ನಮ್ಮನ್ನು ಆರಿಸಿಕೊಂಡವನು. ರಾತ್ರಿ ಬೆಂಕಿ ನೋಡುವವರಿಗೆ ಜೊತೆ, ಹಗಲು ನಿದ್ದೆ.

"ಆ ನಾಯಿ ಏನ್ ಕೆಲ್ಸ ಮಾಡ್ತದ್ಲಾ?"

"ಕೊಲಿ ಕುರಿ ಕಾಯ್ತದೆ ಕಣವ್ವ."

"ಕುರಿ ಎಲ್ಲವೆ?"

ಕುರಿ ಸಿಗದಿದ್ದರೆ ಅದು ಓಡಾಡೋ ಮಕ್ಕಳನ್ನೇ ಸುತ್ತುಗಟ್ಟಿ ಮೂಲೆಗೆ ಅಟ್ಟುತ್ತೆ, ದಿನಾ ಎರಡು ಗಂಟೆ ಓಡಿಸಿ ಸುಸ್ತು ಮಾಡಬೇಕು ಅಂದೆ.

"ಯಾರು ಓಡ್ಸೋರು?"

ಮಕ್ಕಳಿಬ್ಬರೂ ನನ್ನ ಮುಖ ನೋಡಿದರು. ಎರಡು ಪಕ್ಷಗಳೂ ಒಮ್ಮತಕ್ಕೆ ಬಂದದ್ದು ಇದೊಂದರಲ್ಲೇ.

ಎಚ್.ಡಿ. ಕೋಟೆ ಕಾಡಂಚಿನ ಭಾವ ಅಕ್ಕನ ಜೊತೆ ಅಲ್ಲಿಗೇ ಬಂದಿದ್ದರು. "ನಮ್ ಕಡೆ ಸಾಕೋರು ನಾವು, ಹೊತ್ಕೊಂಡು ಹೋಗೋದು ಚಿರತೆ. ಅದು ತಳಿಗಿಳಿ ಕೇಳಾಕಿಲ್ಲ ಬುಡು" ಅಂದರು.

ಅವ್ವ ತೀರ್ಪು ಕೊಟ್ಟಳು: "ಮೊದ್ಲು ನಾಕು ಕುರಿ ತಗಳ್ಲಾ. ನಾಯಿ ತಾನಾಗೇ ಬತ್ತದೆ."

ಈಗ ಮನೆಯಲ್ಲಿ ಕುರಿಯ ಚರ್ಚೆ. ಬಡಾವಣೆಯ ಸಂಘದವರು ಹುಲ್ಲು ನಾಲ್ಕು ಬೆರಳು ಬೆಳೆದರೇ ನೋಟಿಸು ಕಳಿಸುವ ಪೈಕಿ, ಅದು ಮಕ್ಕಳಿಗೆ ಲೆಕ್ಕಕ್ಕಿಲ್ಲ. ಮಗಳು ಮೆರಿನೊ ಅನ್ನುತ್ತಾಳೆ, ಉಣ್ಣೆ ಚೆನ್ನಂತೆ. ಮಗನಿಗೆ ಸುರುಳಿ ಕೊಂಬಿನ ಟಗರೇ ಬೇಕು. ಇಷ್ಟು ದಿನ ಬಾಯಿ ಬಿಡದ ನಾನು, ಬಂಡೂರು ಕುರಿ ಅಂದೆ. ಯಾಕೆ ಅಂತ ಮಕ್ಕಳು ಕೇಳಿದರು. ಹೆಂಡತಿ ಕೇಳಲಿಲ್ಲ, ಎದ್ದುಹೋಗಿ ಮಸಾಲೆ ಡಬ್ಬ ತೆಗೆದು ನೋಡಿದಳು.